ನಿಧಾನ ಅಂದರೆ ಸಿಟ್ಟಾಗುತ್ತಿದ್ದ ಮಾವ

ನಮ್ಮ ಸೋದರಮಾವ ಬದುಕಿದ್ದಷ್ಟು ಕಾಲ ಅವರೆದುರು ಯಾರನ್ನಾದರೂ ‘ನಿಧಾನ’ ಅಂದಿರೋ, ಕೆಟ್ಟಿರಿ! “ನಿಧಾನ ಅಂದ್ರೆ ಎಷ್ಟು? ಅಳೆದ್ಯಾ?” ಎಂದು ಜೇಬಿನಿಂದ ಸ್ಟಾಪ್‌ವಾಚ್ ತೆಗೆಯುತ್ತಿದ್ದರು.

ಒಮ್ಮೆ ಮದ್ರಾಸಿನ ಟ್ರಿಪ್ಲಿಕೇನಿನ ಮೆಸ್ಸಿನಲ್ಲಿ ಸಾಂಬಾರು ತಡವಾಯಿತೆಂದು ಬಡಿಸುವವನ ಮೇಲೆ ರೇಗಿದೆ. ಮಾವ ಎದ್ದು ಸೀದಾ ಅಡುಗೆಮನೆಗೇ ನುಗ್ಗಿದರು! “ಅವನ ತಪ್ಪಿಲ್ಲ ಕಣೋ, ಹಂಡೆ ಹಿತ್ತಲಲ್ಲಿದೆ, ಪಾಪ, ಸುತ್ತಿ ಬರ್ತಾನೆ” ಎಂದು ವರದಿ ಒಪ್ಪಿಸುವಷ್ಟರಲ್ಲಿ ನನ್ನ ಅನ್ನ ಆರಿ ತಣ್ಣಗಾಗಿತ್ತು. ಮನೆಯಲ್ಲಿ ಕಾಫಿ ತಡವಾದರೆ ಫಿಲ್ಟರಿನ ತೂತುಗಳ ಪರೀಕ್ಷೆ. “ತೂತು ಎಣಿಸೋ ಬದ್ಲು ಹಾಲು ತಂದಿದ್ರೆ ಇಷ್ಟೊತ್ತಿಗೆ ಕುಡೀಬಹುದಿತ್ತು ರೀ!” ಎನ್ನುತ್ತಿದ್ದರು ಅತ್ತೆ.

ನಾನೂ ಮಾವನೂ ಸೇರಿ ನುಂಗಂಬಾಕ್ಕಂನ ಒಂದು ಕಣ್ಣಿನ ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಅಲ್ಲಿ ಎರಡು ಕೌಂಟರು. ಒಂದರಲ್ಲಿ ಹೊಸ ಹುಡುಗಿ, ಇನ್ನೊಂದರಲ್ಲಿ ಇಪ್ಪತ್ತು ವರ್ಷದಿಂದ ಇದ್ದ, ಎಲ್ಲರೂ ‘ಅಮ್ಮ’ ಎನ್ನುತ್ತಿದ್ದ ಹಿರಿಯ ಹೆಂಗಸು. ಸಾಲು ಬೆಳೆಯುತ್ತಿದ್ದುದು ಅಮ್ಮನ ಮುಂದೆ ಮಾತ್ರ. “ವಯಸ್ಸಾಯ್ತು, ತುಂಬಾ ಸ್ಲೋ. ಮುಂದಿನ ತಿಂಗಳು ಕೆಲಸ ಬಿಡಿಸ್ತೀನಿ” ಎಂದರು ಡಾಕ್ಟರು. ನಾನೂ ತಲೆಯಾಡಿಸಿದೆ.

ಮಾವ ಬಿಡುತ್ತಾರೆಯೇ? ಬೆಳಗಿನಿಂದ ಮಧ್ಯಾಹ್ನದವರೆಗೆ ಅಮ್ಮನ ಪಕ್ಕ ಕೂತರು. “ಅಮ್ಮನ ಬೆರಳಿಗೆ ಎರಡು ಸೆಕೆಂಡು, ದಾಖಲೆ ಹುಡುಕೋ ನಿನ್ನ ಕ್ವೆರಿಗೆ ನಲವತ್ತು! ಅದೂ ವರ್ಷಗಟ್ಟಲೆ ಬಿಟ್ಟು ಬಂದವರಿಗೆ ಮಾತ್ರ. ಯಾಕೋ?”

ರೋಗಿಯ ಹಳೇ ಭೇಟಿಗಳನ್ನು ಹೊಸದು ಮೊದಲಾಗಿ ತೋರಿಸಬೇಕಿತ್ತು. ನಮ್ಮ ಜಾಣ ಡೇಟಾಬೇಸು ಜೋಡಿಸುವ ಕೆಲಸ ತಪ್ಪಲೆಂದು ತಾರೀಕಿನ ಇಂಡೆಕ್ಸ್, ಅಂದರೆ ತಾರೀಕುವಾರು ಪಟ್ಟಿ, ಹಿಡಿದು, ಇವತ್ತಿನಿಂದ ಹಿಂದಕ್ಕೆ ಊರವರ ದಾಖಲೆಯನ್ನೆಲ್ಲ ತಡಕುತ್ತಿತ್ತು. ಹೋದ ವಾರ ಬಂದವರು ಥಟ್ಟನೆ ಸಿಗುತ್ತಿದ್ದರು. ಹಳಬರಿಗಾಗಿ ಅದು ವರ್ಷಗಳನ್ನೇ ದಾಟಬೇಕು. ಹಳಬರೋ, ಹುಡುಕಿಕೊಂಡು ಹೋಗುತ್ತಿದ್ದುದು ಅಮ್ಮನ ಹತ್ತಿರಕ್ಕೇ!

ಮೊದಲು ರೋಗಿಯ ನಂಬರು, ಆಮೇಲೆ ತಾರೀಕು ಎಂದು ಮಾವ ಹೊಸ ಇಂಡೆಕ್ಸ್ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ತುಂಬಿತು. “ಹಾಗಾದ್ರೆ ಅಮ್ಮ ಇರ್ಲಿ ಬಿಡಿ” ಎಂದರು ಡಾಕ್ಟರು.

ಅಮ್ಮ ನಗಲಿಲ್ಲ. ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಕಡವುಳೇ, ದೇವರೇ! ಆರು ತಿಂಗಳಿಂದ ದಿನಾ ಸಾಯಂಕಾಲ ಮೊಮ್ಮಗಳ ಕಂಪ್ಯೂಟರಲ್ಲಿ ಟೈಪಿಂಗ್ ಕಲೀತಿದೀನಿ ಸಾರ್. ಕೈಗೇ ವಯಸ್ಸಾಯ್ತು ಅಂತ ನಂಬಿಬಿಟ್ಟಿದ್ದೆ.”

ಮಾವ ನನ್ನ ತೋಳು ಹಿಡಿದು ಅವರ ಮುಂದೆ ತಂದು ನಿಲ್ಲಿಸಿದರು. “ಹೇಳೋ.”

“ಅಮ್ಮಾ, ಆ ಪ್ರೋಗ್ರಾಂ ಬರ್ದಿದ್ದು ನಾನು. ತಪ್ಪು ನಂದು” ಎಂದೆ.

“ಊಟ ಮಾಡಿದ್ಯಾ ಕಣ್ಣಾ?” ಎಂದರು ಅಮ್ಮ, ಮಗನನ್ನು ಕೇಳುವಂತೆ. ಅಷ್ಟು ಜನರ ಮುಂದೆ ನಾನು ಅತ್ತುಬಿಟ್ಟೆ.