ಮುಂದಿನ ಬೆಂಚಿಗೆ ಬಂದ ಮಂಜುಳಾ

ಮಕ್ಕಳು ಓದದಿದ್ದರೆ ನನಗೆ ಸಿಟ್ಟು ಬರುತ್ತದೆ. ಇದ್ದಕ್ಕಿದ್ದಂತೆ ಓದತೊಡಗಿದರೆ ಅನುಮಾನ ಬರುತ್ತದೆ. ತಮಿಳುನಾಡಿನ ಗಡಿಯೂರು ಹೊಸೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾ ತಲೆ ನರೆಸಿಕೊಂಡವನು ನಾನು. ಪರೀಕ್ಷೆಯ ಹೊತ್ತಿನಲ್ಲಿ ಯಾರಾದರೂ ಸುಮ್ಮನೆ ಕೆಮ್ಮಿದರೂ, ಅದು ಯಾವ ಪ್ರಶ್ನೆಯ ಉತ್ತರವಿರಬಹುದು ಎಂದು ಯೋಚಿಸುವಷ್ಟು ಕೆಟ್ಟಿದ್ದೇನೆ.

ಹೀಗಿರುವಾಗ, ಕೆಲಮಂಗಲದಿಂದ ಬಸ್ಸಿನಲ್ಲಿ ಬರುವ ಮಂಜುಳಾ ಒಂದು ದಿನ ಮುಂದಿನ ಬೆಂಚಿಗೆ ಬಂದು ಕೂತಳು. ನನ್ನ ಪೇಪರಿನಲ್ಲಿ ಫೇಲಾಗುವುದನ್ನು ಅಭ್ಯಾಸ ಮಾಡಿಕೊಂಡಿದ್ದವಳು. ಲೆಕ್ಕ ಕೊಟ್ಟರೆ ಓದುವ ಮೊದಲೇ “ಮುಡಿಯಾದು ಸಾರ್” ಎಂದು, ತನ್ನಿಂದಾಗದೆಂದು ತಮಿಳಿನಲ್ಲಿ ಕೈಚೆಲ್ಲುತ್ತಿದ್ದಳು. “ಓದು ಬಿಟ್ಟು ಫ್ಯಾಕ್ಟರಿಗೆ ಸೇರ್ಕತೀನಿ” ಎಂದು ಕನ್ನಡದಲ್ಲಿ ಅಳುತ್ತಿದ್ದಳು. ಈಗ ನೋಡಿದರೆ ಡೌಟು ಕೇಳುತ್ತಾಳೆ, ನಗುತ್ತಾಳೆ! ವಿಚಾರಿಸಿದಾಗ, ಹೊಸದಾಗಿ ಬಂದ ಕೌನ್ಸೆಲರ್ ಮೇಡಂ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಭಾವನೆಗಳನ್ನು ಅರಿಯುವುದು, ತಮ್ಮನ್ನು ತಾವು ನಂಬುವುದು ಎಂದೇನೋ ಕಲಿಸುತ್ತಿದ್ದಾರೆಂದು ತಿಳಿಯಿತು. ನನ್ನ ಅನುಮಾನ ಇಮ್ಮಡಿಯಾಯಿತು. ಫಾರ್ಮುಲಾ ಬಾರದವಳಿಗೆ ಭಾವನೆ ಬಂದರೆ ಪಾಸಾಗುತ್ತಾಳೆಯೇ? ಎಲ್ಲೋ ಪ್ರಶ್ನೆಪತ್ರಿಕೆಯೇ ಸಿಕ್ಕಿರಬೇಕು.

ಕಿರುಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದ ಮೇಲಂತೂ ಸುಮ್ಮನಿರಲಾಗಲಿಲ್ಲ. ಎಲ್ಲರೆದುರು ಬೋರ್ಡಿಗೆ ಕರೆದು ಹೊಸ ಲೆಕ್ಕ ಕೊಟ್ಟೆ. ಅರ್ಧಕ್ಕೆ ನಿಂತಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಿಕ್ಕಿಬಿದ್ದಳು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವಳ ಕಣ್ಣು ತುಂಬಿತು. ಆದರೆ ಚಾಕ್‌ಪೀಸ್ ಕೆಳಗಿಡಲಿಲ್ಲ.

“ನಂಗೀಗ ಭಯ ಆಗ್ತೈತೆ ಸಾರ್. ನಿಮ್ಗೂ ನನ್ ಮೇಲೆ ಅನುಮಾನ ಐತೆ. ಎರಡೂ ಇರ್ಲಿ. ಇಲ್ಲೀಗಂಟ ಸರಿ ಐತೆ, ಇಲ್ಲಿಂದ ಇನ್ನೊಂದ್ ಸಲ ಮಾಡ್ತೀನಿ” ಎಂದು ಕೆಳಗಿನ ಸಾಲುಗಳನ್ನಷ್ಟೇ ಅಳಿಸಿ ಮತ್ತೆ ಶುರುಮಾಡಿದಳು. ಉತ್ತರ ಬಂತು. ಇನ್ನೊಂದು ಲೆಕ್ಕ ಕೊಟ್ಟೆ, ಅದಕ್ಕೂ ಬಂತು. ಮತ್ತೊಂದು ಹುಡುಕಲು ಪುಸ್ತಕ ತಿರುವಿದಾಗ ಇಡೀ ತರಗತಿ ನನ್ನನ್ನೇ ಅನುಮಾನದಿಂದ ನೋಡತೊಡಗಿತು. ಪುಸ್ತಕ ಮುಚ್ಚಿದೆ.

ಆ ವರ್ಷ ಅವಳು ಪಾಸಾದಳು. “ಫ್ಯಾಕ್ಟರಿ ಯಾವಾಗಮ್ಮ?” ಎಂದೆ. “ಎಂ.ಕಾಂ. ಆದ್ಮೇಲೆ ನೋಡಾನ ಸಾರ್” ಎಂದಳು.

ಇದರಲ್ಲೇನೋ ಇದೆ ಅನ್ನಿಸಿ ನಾನೂ ಒಂದು ಮಧ್ಯಾಹ್ನ ಮೇಡಂ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಬಂದೆ. ಎದುರಿನವರ ಮುಖ ನೋಡಿ ಮನಸ್ಸು ಅರಿಯಬೇಕಂತೆ. ಸಂಜೆ ಮತ್ತಿಗಿರಿಯ ಮನೆಗೆ ಬಂದವನೇ, ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಯ ಪಕ್ಕ ಕೂತು, “ಯಾಕೋ ದಣಿದ ಹಾಗೆ ಕಾಣ್ತೀಯ. ಮನಸ್ಸಿನಲ್ಲಿ ಏನಿದೆ ಹೇಳು” ಎಂದೆ.

ಅವಳು ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅದಿರ್ಲಿ, ಮೊದಲು ನೀವು ಹೇಳಿ. ಏನ್ ಮಾಡ್ಕೊಂಡು ಬಂದಿದೀರಿ?”