ತಂತಿಯ ಮೇಲೆ ದಿನಕ್ಕೊಂದು ಬೆಡ್‌ಶೀಟು

ಕಾಯಿಲೆ ಬೀಳುವುದಾದರೆ ಹೆಸರಿರುವ ಕಾಯಿಲೆಯೇ ಬೀಳಬೇಕು ಎನ್ನುವುದು ನನ್ನ ಇತ್ತೀಚಿನ ಅಭಿಪ್ರಾಯ. ಕಾಲು ಮುರಿದರೆ ಬೀದಿಯವರೆಲ್ಲ ಎಳನೀರು ಹಿಡಿದುಕೊಂಡು ಬಂದು ಮಂಚದ ಸುತ್ತ ಕೂರುತ್ತಾರೆ. ಕಾಮಾಲೆಯಾದರೆ ನಾಟಿ ಔಷಧಿ ಕೊಡುವವರ ವಿಳಾಸ ಹತ್ತು ಕಡೆಯಿಂದ ಬರುತ್ತದೆ. ನನಗೆ ಬಂದಿರುವುದಕ್ಕೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವಂಥ ಹೆಸರೇ ಇಲ್ಲ. ವಯಸ್ಸು ನಲವತ್ತೆಂಟು. ಮುಟ್ಟು ನಿಲ್ಲಬೇಕೋ ಬೇಡವೋ ಎಂದು ಎರಡು ವರ್ಷದಿಂದ ಮೀನಮೇಷ ಎಣಿಸುತ್ತಿದೆ. ಅದು ಒಂದು ತೀರ್ಮಾನಕ್ಕೆ ಬರುವವರೆಗೆ ನಾನು ರಾತ್ರಿಯೆಲ್ಲ ಬೆವರುತ್ತಿರಬೇಕು. ಎದೆಯಿಂದ ಕಾವು ಏಳುತ್ತದೆ, ಕುತ್ತಿಗೆ ದಾಟಿ ಕಿವಿಗೆ ಬರುತ್ತದೆ, ಹತ್ತು ನಿಮಿಷದಲ್ಲಿ ನೈಟಿ, ದಿಂಬು, ಬೆಡ್‌ಶೀಟು ಎಲ್ಲ ತೊಪ್ಪೆ. ಆಮೇಲೆ ಅದೇ ಒದ್ದೆಯಲ್ಲಿ ನಡುಕ. ಊರೆಲ್ಲ ಮಲಗಿರುವಾಗ ಒಬ್ಬಳೇ ಎದ್ದು ಕೂತು ಬೆಡ್‌ಶೀಟು ಬದಲಾಯಿಸುವಾಗ ಈ ಲೋಕದಲ್ಲಿ ನನಗೆ ಯಾರೂ ಇಲ್ಲ ಅನ್ನಿಸುತ್ತದೆ.

ಯಾರೂ ಇಲ್ಲದೇ ಏನು, ಪಕ್ಕದಲ್ಲೇ ಯಜಮಾನರಿದ್ದಾರೆ. ಮಂಕಿ ಕ್ಯಾಪು ಹಾಕಿಕೊಂಡು, ಕಂಬಳಿ ಹೊದ್ದು, ಫ್ಯಾನಿನ ಸ್ವಿಚ್ಚು ತಮ್ಮ ಕಡೆಗೇ ಇರುವಂತೆ ನೋಡಿಕೊಂಡು ಮಲಗಿರುತ್ತಾರೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಅವರದು. ಉಂಡೆ ಕೊಬ್ಬರಿಯನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೇ ಒಳಗೆ ತೇವ ಉಳಿದಿದೆಯೋ ಇಲ್ಲವೋ ಹೇಳಬಲ್ಲರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲವೆಂದು ಮಾರುಕಟ್ಟೆಯಲ್ಲಿ ಹೆಸರಿದೆ. ಒಂದು ಮೊಳ ದೂರದಲ್ಲಿ ಹೆಂಡತಿ ನೆನೆದು ಕೂತಿರುವುದು ಮಾತ್ರ ಈ ಎರಡು ವರ್ಷದಲ್ಲಿ ಅವರ ಗಮನಕ್ಕೆ ಬಂದಿಲ್ಲ. ಒಮ್ಮೆ ಧೈರ್ಯ ಮಾಡಿ, ರಾತ್ರಿ ಸೆಕೆಯಾಗುತ್ತದೆ ಅಂದೆ. ಕಾರ್ತಿಕದಲ್ಲಿ ಎಂಥ ಸೆಕೆ ಎಂದು ನಕ್ಕರು. ಅಲ್ಲಿಂದ ಮಾತು ತಮ್ಮ ತಾಯಿಯ ಕಡೆಗೆ ತಿರುಗಿತು. ಅವರ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ತಿರುಗುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಜಗಲಿಯ ಮೇಲೆ ಕಾಯಿರಾಶಿಯ ಪಕ್ಕ ಒಬ್ಬರೇ ಮಲಗುತ್ತಿದ್ದರು. ಚಳಿಯಿರಲಿ ಮಳೆಯಿರಲಿ, ತಲೆದೆಸೆಯಲ್ಲಿ ಕುಡುಗೋಲು ಇಟ್ಟುಕೊಂಡು ಕಳ್ಳರಿಂದ ತೆಂಗಿನಕಾಯಿ ಕಾದ ಧೀರ ಮಹಿಳೆ ಅವರು. ಅವರ ಮಗನಿಗೆ ಸೆಕೆಯೆಂದು ದೂರು ಹೇಳುವ ಹೆಂಡತಿ ಸಿಕ್ಕಿರುವುದು ವಿಧಿ. ಆ ಹೊಸದರಲ್ಲಿ ನಾನು, ನಾಲ್ಕು ಕಾಯಿಗೋಸ್ಕರ ಜಗಲಿಯಲ್ಲಿ ಮಲಗುವ ಈ ಅತ್ತೆ ಎಂಥ ಜಿಪುಣಿಯಪ್ಪ ಎಂದುಕೊಂಡಿದ್ದೆ.

ಡಾಕ್ಟರ ಹತ್ತಿರ ಹೋಗಲೂ ನನಗೆ ಉಪಾಯ ಬೇಕಾಯಿತು. ಅರಸೀಕೆರೆಯಲ್ಲಿ ತೋರಿಸಿದರೆ ಔಷಧಿ ಚೀಟಿಗಿಂತ ಮುಂಚೆ ಸುದ್ದಿ ಮನೆ ಸೇರುತ್ತದೆ. ನಾನು ಕಣಕಟ್ಟೆಯ ಶಾಲೆಯಲ್ಲಿ ಟೀಚರು. ದಾರಿಯಲ್ಲಿ ಸಿಗುವವರಲ್ಲಿ ಅರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳು. ತರಬೇತಿಯಿದೆ ಎಂದು ಸುಳ್ಳು ಹೇಳಿ ಬೇಲೂರಿನ ಬಸ್ಸು ಹತ್ತಿದೆ. ಅಲ್ಲಿನ ಲೇಡಿ ಡಾಕ್ಟರು ಸಮಾಧಾನದಿಂದ ಕೇಳಿದರು. ಇದು ಈ ವಯಸ್ಸಿನಲ್ಲಿ ಸಹಜ, ಹತ್ತಿ ಬಟ್ಟೆ ಹಾಕಿಕೊಳ್ಳಿ, ಸಂಜೆಯ ಕಾಫಿ ಬಿಡಿ, ತಡೆಯಲಾಗದಿದ್ದರೆ ಮಾತ್ರೆಯೂ ಇದೆ ಎಂದರು. ಕೊನೆಯಲ್ಲಿ, ಮನೆಯವರ ಹತ್ತಿರ ಹೇಳಿಕೊಳ್ಳಿ, ಅರ್ಧ ಹಗುರವಾಗುತ್ತದೆ ಎಂದೂ ಹೇಳಿದರು. ಕಾಫಿಯನ್ನು ಹೇಗೋ ಬಿಟ್ಟೆ. ಕೊನೆಯ ಔಷಧಿಯೊಂದು ಗಂಟಲಲ್ಲಿ ಇಳಿಯಲಿಲ್ಲ.

ಹೀಗೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ದಿನವೂ ತೊಳೆದು ಬೀದಿಗೆ ಕಾಣುವಂತೆ ಒಣಹಾಕುತ್ತಿದ್ದವಳು ನಾನೇ. ನಮ್ಮ ಮನೆಯ ಬಟ್ಟೆಯ ತಂತಿ ಮುಂದಿನ ಅಂಗಳದಲ್ಲಿದೆ. ಎದುರು ಮನೆ ಗಿರಿಜಕ್ಕ ಬೆಳಗ್ಗೆ ರಂಗೋಲಿ ಹಾಕಿ ತಲೆಯೆತ್ತಿದರೆ ಮೊದಲು ಕಾಣುವುದು ನಮ್ಮ ಬೆಡ್‌ಶೀಟು. ಒಂದು ದಿನ ಅವರು ಗೇಟಿನ ಹತ್ತಿರ ಬಂದು ದನಿ ತಗ್ಗಿಸಿದರು.

“ಬೇಜಾರು ಮಾಡ್ಕೋಬೇಡಿ ಮಂಜುಳಾ. ವಯಸ್ಸಾದ ಮೇಲೆ ತಡ್ಕೊಳ್ಳೋಕಾಗಲ್ಲ ಪಾಪ. ನಮ್ಮತ್ತೇಗೂ ಹಿಂಗೇ ಆಗ್ತಿತ್ತು.”

ಅವರು ನಮ್ಮ ಅತ್ತೆ ಪಾರ್ವತಮ್ಮನ ವಿಷಯ ಹೇಳುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಎಪ್ಪತ್ತೈದು ವರ್ಷದ, ಇಂದಿಗೂ ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುವ ನಮ್ಮ ಅತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರಂತೆ! ಅಲ್ಲ ಎನ್ನಲು ಬಾಯಿ ತೆರೆದೆ. ಹಾಗಾದರೆ ಇನ್ನಾರು ಎಂಬ ಪ್ರಶ್ನೆ ಮುಂದೆ ಬಂದು ನಿಂತಿತು. ನಾನು “ಹೂಂ” ಎಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ನೆಮ್ಮದಿಯೇ ಆಯಿತು.

ಅದರ ಫಲ ಕಡೇ ಕಾರ್ತಿಕ ಸೋಮವಾರದ ಹೊತ್ತಿಗೆ ಕಂಡಿತು. ಪ್ರತಿವರ್ಷ ಆ ದಿನ ನಮ್ಮ ಬೀದಿಯ ಹೆಂಗಸರು ಟೆಂಪೋ ಮಾಡಿಕೊಂಡು ಹಾರನಹಳ್ಳಿಗೆ, ಅಲ್ಲಿಂದ ಹಳೇಬೀಡಿಗೆ ಹೋಗಿ ದೀಪ ಹಚ್ಚಿ ಬರುವ ರೂಢಿ. ಶುರುಮಾಡಿದವರು ಅತ್ತೆಯೇ. ಡ್ರೈವರ್ ಪಕ್ಕದ ಸೀಟು ಅವರದು. ಬೀದಿಗೆಲ್ಲ ಬೇಕಾಗುವ ಹೂಬತ್ತಿ ಹೊಸೆಯುವವರೂ ಅವರೇ. ಈ ಸಲ ಬತ್ತಿ ಡಬ್ಬ ತುಂಬಿತು, ರೇಷ್ಮೆ ಸೀರೆ ಪೆಟ್ಟಿಗೆಯಿಂದ ಹೊರಬಂದು ಗಾಳಿಗೆ ಆಡಿತು. ಕರೆಯಲು ಮಾತ್ರ ಯಾರೂ ಬರಲಿಲ್ಲ. ಶುಕ್ರವಾರ ಸಂಜೆ ಅತ್ತೆ ಕೇಳಿದರು.

“ಈ ವರ್ಷ ಟೆಂಪೋ ಹೊರಡಲ್ವೇನೇ? ಯಾರೂ ಬಂದು ಹೇಳ್ಲೇ ಇಲ್ಲ.”

ಬತ್ತಿ ಹೊಸೆಯುವ ಅವರ ಕೈ ನಿಂತಿರಲಿಲ್ಲ. ನನಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ.

ನೇರ ಗಿರಿಜಕ್ಕನ ಮನೆಗೆ ಹೋಗಿ, ಅದು ಅತ್ತೆಯದಲ್ಲ, ನನ್ನದು, ನನ್ನ ಬೆವರು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಎರಡು ವರ್ಷದ ಮೇಲೆ ಮೊದಲ ಸಲ ಊರಿನವರೊಬ್ಬರ ಮುಂದೆ ಬಾಯಿಬಿಟ್ಟಿದ್ದೆ. ಕಣ್ಣಲ್ಲಿ ನೀರೂ ಬಂತು. ಗಿರಿಜಕ್ಕ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರಿತ್ತು.

“ಅತ್ತೆ ಮಾನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಂಡ್ರಲ್ಲ. ಇಂಥ ಸೊಸೆ ಎಲ್ಲಿ ಸಿಕ್ತಾಳೆ? ಕರ್ಕೊಂಡು ಬನ್ನಿ, ಏನಾದ್ರೂ ವ್ಯವಸ್ಥೆ ಮಾಡೋಣ.”

ಸುಳ್ಳು ಹೇಳಿದಾಗ ನಂಬಿದ್ದ ಗಿರಿಜಕ್ಕ ನಿಜ ಹೇಳಿದಾಗ ನನ್ನನ್ನು ಆದರ್ಶ ಸೊಸೆ ಮಾಡಿ ಕಳಿಸಿಕೊಟ್ಟರು. ಕತ್ತಲಾಗುವುದರೊಳಗೆ ನನ್ನ ತ್ಯಾಗದ ಕಥೆ ಬೀದಿಯ ತುದಿ ಮುಟ್ಟಿತ್ತು.

ಉಳಿದವರು ಅತ್ತೆ. ಭಾನುವಾರ ಮಧ್ಯಾಹ್ನ ಅವರ ಮುಂದೆ ಕೂತು ಬೆಡ್‌ಶೀಟಿನಿಂದ ಹಿಡಿದು ಆ “ಹೂಂ”ವರೆಗೆ ಎಲ್ಲ ಒಪ್ಪಿಸಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಬತ್ತಿ ಡಬ್ಬದ ಮುಚ್ಚಳ ಹಾಕಿ, ಬಾಗಿಲ ಕಡೆ ನೋಡಿ, ನಿಧಾನವಾಗಿ ಹೇಳಿದರು.

“ನಾನು ಜಗಲಿ ಮೇಲೆ ಮಲಗ್ತಿದ್ದೆನಲ್ಲ, ಯಾವ ಕಳ್ಳನೂ ಬರ್ತಿರಲಿಲ್ಲ ಕಣೇ. ಒಳಗೆ ಮೈಯೆಲ್ಲ ಉರಿಯೋದು. ಯಾರಿಗೆ ಅಂತ ಹೇಳ್ಲಿ? ಕಾಯಿ ಕಾಯ್ತೀನಿ ಅಂದೆ.”

ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಅವರು ಜಗಲಿಯಲ್ಲಿ ಬೇಯುತ್ತಿದ್ದಾಗ ನಾನು ಒಳಗೆ ಬೆಚ್ಚಗೆ ಮಲಗಿ ಅವರನ್ನು ಜಿಪುಣಿ ಎಂದುಕೊಂಡಿದ್ದೆ. ಮಾವನವರಿಗೆ ಗೊತ್ತಿತ್ತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ನಿನ್ನ ಗಂಡನಿಗೆ ಗೊತ್ತೇ ಎಂದು ಅವರು ಕೇಳಿದರು. ನಾನೂ ತಲೆಯಾಡಿಸಿದೆ. ಇಬ್ಬರಿಗೂ ಅದಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿರಲಿಲ್ಲ.

ಸೋಮವಾರ ಬೆಳಗ್ಗೆ ಟೆಂಪೋ ಬಂತು. ಡ್ರೈವರ್ ಪಕ್ಕದ ಸೀಟಿನ ಮೇಲೆ ಗಿರಿಜಕ್ಕನ ವ್ಯವಸ್ಥೆ ಕಾಣಿಸಿತು. ನೀಲಿ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಮಡಿಸಿದ ಟವೆಲ್ಲು. ಎಲ್ಲರೂ ಬೇರೆಲ್ಲೋ ನೋಡುತ್ತಿದ್ದರು. ಅತ್ತೆ ಒಂದು ಗಳಿಗೆ ಅದನ್ನು ನೋಡಿದರು, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಹಿಂದಿನ ಸೀಟಿಗೆ ಹತ್ತಿ ಕೂತರು. “ಮಂಜುಳಾ, ಮುಂದೆ ನೀನು ಕೂತ್ಕೋ” ಎಂದರು, ಎಲ್ಲರಿಗೂ ಕೇಳುವಂತೆ. ಕೂತೆ.

ಹಾರನಹಳ್ಳಿ ಇನ್ನೂ ಬಂದಿರಲಿಲ್ಲ, ಎದೆಯಿಂದ ಕಾವು ಎದ್ದಿತು. ಹಗಲು ಹೊತ್ತಿನಲ್ಲಿ, ಜನರ ಮಧ್ಯೆ, ಅದೂ ಇವತ್ತೇ. ಕುತ್ತಿಗೆಯಿಂದ ನೀರಿಳಿದು ರವಿಕೆ ಬೆನ್ನಿಗೆ ಅಂಟಿಕೊಂಡಿತು. ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಉಳಿದವರು ಶಾಲು ಹೊದ್ದಿದ್ದರು. ಗಿರಿಜಕ್ಕ ಹಿಂದಿನಿಂದ ಬಗ್ಗಿ ನನ್ನ ಮುಖ ನೋಡಿ ಗಾಬರಿಯಾದರು. ಇಷ್ಟು ಚಳಿಯಲ್ಲಿ ಹೀಗೇಕೆ ಬೆವರುತ್ತಿದ್ದೀರಿ ಎಂದು ಕೇಳಿದರು. ಸಾಕ್ಷಿ ಸಮೇತ ಹೇಳಿ ಅತ್ತೆಯ ಹೆಸರು ತೊಳೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಹೇಳಲೆಂದೇ ತಿರುಗಿದೆ. ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು.

“ಈ ಪ್ಲಾಸ್ಟಿಕ್ ಕಾವು ಕಣ್ರೀ” ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಬೆನ್ನಿಗೆ ಗಾಳಿ ತಾಗಿತು. ತಿರುಗಿ ನೋಡಿದರೆ ಅತ್ತೆ ರೇಷ್ಮೆ ಸೀರೆಯ ಸೆರಗಿನಿಂದ ನನಗೆ ಬೀಸುತ್ತ, ಕಿಟಕಿಯಾಚೆ ಸಾಗುತ್ತಿದ್ದ ತೆಂಗಿನ ತೋಟಗಳನ್ನು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಕಾಯಿ ಕಾಯುವ ಪಾಳಿ ಈಗ ನನ್ನದು.