ಮೇಷ್ಟ್ರ ಅಮ್ಮನ ಸಹಿ

ಮೂರನೇ ತರಗತಿಯ ಮೇಷ್ಟ್ರಿಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ಅದೂ ಹೆತ್ತ ತಾಯಿಯದು. ಆ ತಾಯಿ ನಾಲ್ಕು ಹೆಜ್ಜೆ ದೂರದಲ್ಲಿ, ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಿದ್ದರು. ಆದರೂ ಆ ನಾಲ್ಕು ಹೆಜ್ಜೆ ಇಡಲು ನಲವತ್ತೆರಡು ವರ್ಷದ ಗಂಡಸಿಗೆ ಕಾಲು ಏಳಲಿಲ್ಲ.

ತಪ್ಪು ಅವರದೇ. ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಉಮೇದು ಹೆಚ್ಚಾಗಿ, ಬೆತ್ತ ಬೇಡ, ಬೈಗುಳ ಬೇಡ, ಶಿಸ್ತಿನ ನಿಯಮಗಳನ್ನು ಮಕ್ಕಳೇ ಮಾಡಿಕೊಳ್ಳಲಿ ಎಂದು ಏಳು ನಿಯಮ ಬರೆಸಿ ಗೋಡೆಗೆ ಅಂಟಿಸಿದ್ದರು. ಜೊತೆಗೊಂದು ನಡತೆ ಪುಸ್ತಕ. ನಿಯಮ ಮುರಿದವರ ಹೆಸರು ಅದರಲ್ಲಿ ಏರಬೇಕು, ಮಾರನೇ ದಿನ ಮನೆಯಿಂದ ಅಪ್ಪನದೋ ಅಮ್ಮನದೋ ಸಹಿ ಬರಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ನಾನೂ ನಿಮ್ಮಲ್ಲೊಬ್ಬ, ನಿಯಮ ನನಗೂ ಒಂದೇ" ಎಂದು ಭಾಷಣ ಬಿಗಿದು, ಮೊದಲ ಹಾಳೆಯಲ್ಲಿ ಮಕ್ಕಳ ಮನೆಯ ಫೋನ್ ನಂಬರುಗಳ ಕೆಳಗೆ ತಮ್ಮ ಅಮ್ಮನ ನಂಬರನ್ನೂ ಬರೆದುಬಿಟ್ಟಿದ್ದರು. ಆಗ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದ್ದವು.

ಪುಸ್ತಕ ಇದ್ದದ್ದು ತರಗತಿಯ ಲೀಡರ್ ಕೈಯಲ್ಲಿ. ಎಂಟು ವರ್ಷದ, ಎರಡು ಜಡೆಯ, ಮುಂದಿನ ಒಂದು ಹಲ್ಲಿಲ್ಲದ ಹುಡುಗಿ. ಇಡೀ ಶಾಲೆಗೆ ಅವಳು ಲೀಡರಮ್ಮ. ಹಿಂದಿನ ದಿನ ಮಕ್ಕಳು ಲೆಕ್ಕದ ಪುಸ್ತಕ ಕೇಳಿದಾಗ ಮೇಷ್ಟ್ರು, "ತಿದ್ದಿ ಆಯ್ತು, ಮನೇಲಿ ಮರೆತು ಬಂದೆ" ಎಂದಿದ್ದರು. ಸೀಮೆಸುಣ್ಣ ತೆಗೆಯಲು ಬೀರು ತೆರೆದ ಲೀಡರಮ್ಮನಿಗೆ ಮೂವತ್ತೆಂಟು ಪುಸ್ತಕಗಳ ಕಟ್ಟು, ಕಟ್ಟಿದ ದಾರ ಕಟ್ಟಿದ ಹಾಗೇ ಕೂತಿದ್ದು ಕಂಡಿತು. ಅವಳು ನಗಲಿಲ್ಲ, ಕೂಗಲಿಲ್ಲ. ನಡತೆ ಪುಸ್ತಕ ತೆಗೆದು ಗುಂಡಗಿನ ಅಕ್ಷರದಲ್ಲಿ ಬರೆದಳು: "ಹೆಸರು: ಸಾರ್. ತಪ್ಪು: ಮೂರು ವಾರದಿಂದ ಪುಸ್ತಕ ತಿದ್ದಿಲ್ಲ. ತಿದ್ದಿದ್ದೇನೆ ಎಂದು ಸುಳ್ಳು ಹೇಳಿದರು." ಆಮೇಲೆ ಸಹಿ ತರಲು ಪುಸ್ತಕವನ್ನು ಮೇಷ್ಟ್ರ ಕೈಗೇ ಕೊಟ್ಟಳು.

ಇದನ್ನು ಅಮ್ಮನಿಗೆ ತೋರಿಸುವುದು ಹೇಗೆ? ಆ ಮೂರು ವಾರವೂ ಮೇಷ್ಟ್ರು ದಿನಾ ಒಂದು ಗಂಟೆ ತಡವಾಗಿ ಮನೆಗೆ ಬಂದು, "ಪುಸ್ತಕ ತಿದ್ದೋದಿತ್ತು ಅಮ್ಮ" ಎಂದು ನಿಟ್ಟುಸಿರು ಬಿಟ್ಟಿದ್ದರು. ಅಮ್ಮ ಮರುಗಿ, ಬಿಸಿ ಕಾಫಿ ಕೊಟ್ಟು, ಬೆನ್ನಿಗೆ ದಿಂಬು ಇಟ್ಟಿದ್ದರು. ಆ ಒಂದು ಗಂಟೆ ಕಳೆದದ್ದು ಮೂಲೆಯ ಸೈಕಲ್ ಅಂಗಡಿಯ ಹಿಂದೆ, ಕೇರಂ ಬೋರ್ಡಿನ ಮುಂದೆ.

ಸಾಲದ್ದಕ್ಕೆ ಈ ಅಮ್ಮ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಚೆಕ್ಕಿನ ಮೇಲಿನ ಸಹಿ ತಾಳೆ ನೋಡಿ ನಿವೃತ್ತರಾದವರು.

"ಅಮ್ಮ, ಇಲ್ಲೊಂದು ಸಹಿ..." ಎಂದು ಮೇಷ್ಟ್ರು ಬಾಗಿಲಿನಿಂದಲೇ ಗೊಣಗಿದರು.

"ಏನಕ್ಕೆ? ಕೊಡು ಇಲ್ಲಿ, ಕನ್ನಡಕ ಹಾಕ್ಕೊಂಡು ಓದ್ತೀನಿ. ಓದದೆ ಸಹಿ ಹಾಕೋಳಲ್ಲ ನಾನು."

"ಬೇಡ ಬಿಡು, ಅಂಥ ಅವಸರ ಏನಿಲ್ಲ," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದವರೇ ಬಸ್ಸು ಹಿಡಿದರು.

ಅವಸರ ಇತ್ತು, ಕುತ್ತಿಗೆಯವರೆಗೆ ಇತ್ತು. ನಾಲ್ಕು ವರ್ಷದಿಂದ ಅವರು ಹಂಗಾಮಿ ಮೇಷ್ಟ್ರು. ಅವತ್ತು ಮೇಲಿನಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ತರಗತಿಯ ಶಿಸ್ತು ನೋಡಿ ಅವರು ವರದಿಯಲ್ಲಿ ಒಂದು ಸಾಲು ಬರೆದರೆ ಕೆಲಸ ಕಾಯಂ. ಆ ಸಾಹೇಬರು ಮೊದಲು ಕೈಗೆತ್ತಿಕೊಳ್ಳುವುದೇ ನಡತೆ ಪುಸ್ತಕ.

ಮೇಷ್ಟ್ರು ಶಿಕ್ಷಕರ ಕೋಣೆಯಲ್ಲಿ ಮೂಲೆ ಸೇರಿ ಪೆನ್ನು ತೆಗೆಯುವುದಕ್ಕೂ ಡ್ರಿಲ್ ಮೇಷ್ಟ್ರು ಹೆಗಲ ಮೇಲಿಂದ ಇಣುಕುವುದಕ್ಕೂ ಸರಿಹೋಯಿತು.

"ಅಮ್ಮನ ಸಹಿನಾ? ಅಯ್ಯೋ, ಇಷ್ಟಕ್ಕೆ ಯಾಕ್ರೀ ಬೆವರ್ತೀರಿ? ಐದನೇ ಕ್ಲಾಸಿಂದ ಹತ್ತನೇ ಕ್ಲಾಸಿನವರೆಗೆ ನಮ್ಮಪ್ಪನ ಸಹಿ ನಾನೇ ಹಾಕ್ತಿದ್ದೆ. ಮೊದಲು ಮಣಿಕಟ್ಟು ಸಡಿಲ ಬಿಡಿ."

ಚಿತ್ರಕಲೆಯ ಮಿಸ್ಸೂ ಕುರ್ಚಿ ಎಳೆದುಕೊಂಡು ಬಂದರು. "ಹಾಗೆ ನೇರ ಬೇಡ ಸಾರ್. ವಯಸ್ಸಾದವರ ಸಹಿ ಸ್ವಲ್ಪ ನಡುಗಬೇಕು."

"ನಡುಗ್ತಾ ಇದೆಯಲ್ಲ," ಎಂದರು ಮೇಷ್ಟ್ರು. ಅವರ ಕೈ ಆಗಲೇ ಜ್ವರ ಬಂದವರ ಹಾಗೆ ಅಲುಗುತ್ತಿತ್ತು. ಡ್ರಿಲ್ ಮೇಷ್ಟ್ರು ಮೊಣಕೈ ಹಿಡಿದುಕೊಂಡರು, ಮಿಸ್ಸು ಉಸಿರು ಹಿಡಿಯಲು ಹೇಳಿದರು. ಮೂರು ಜನ ಸೇರಿ ಕೊನೆಗೆ ಒಂದು ಸಹಿ ಹೆತ್ತರು.

ತರಗತಿಯಲ್ಲಿ ಲೀಡರಮ್ಮ ಪುಸ್ತಕ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಹಾಳೆ ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿದಳು.

"ಸಾರ್, ಇದು ನಿಮ್ಮಮ್ಮನ ಸಹಿ ಅಲ್ಲ."

"ನಮ್ಮಮ್ಮನ್ನ ನೀನು ನೋಡೇ ಇಲ್ವಲ್ಲಮ್ಮ. ಹೇಗೆ ಹೇಳ್ತೀಯ?"

"ಅಮ್ಮಂದಿರು ಬೈತಾ ಬೈತಾ ಸಹಿ ಹಾಕ್ತಾರೆ ಸಾರ್. ಅದಕ್ಕೇ ಒತ್ತಿ ಹಾಕ್ತಾರೆ. ಹಿಂದೆ ಉಬ್ಬಿರುತ್ತೆ. ಬೇರೆಯವರದ್ದೆಲ್ಲ ನೋಡಿ." ಹಿಂದಿನ ನಾಲ್ಕು ಹಾಳೆ ತೋರಿಸಿದಳು. ಎಲ್ಲದರ ಬೆನ್ನೂ ಉಬ್ಬಿತ್ತು. "ಇದು ನುಣ್ಣಗಿದೆ. ಹೆದರ್ಕೊಂಡು ಹಾಕಿದ್ದು."

ಮೂವತ್ತೇಳು ತಲೆಗಳು ಅನುಭವಿಗಳ ಹಾಗೆ ಹೌದೆಂದು ಆಡಿದವು.

ಏಳನೇ ನಿಯಮ ಸ್ಪಷ್ಟವಾಗಿತ್ತು. ಸಹಿಯ ಮೇಲೆ ಅನುಮಾನ ಬಂದರೆ ಮನೆಯವರು ಖುದ್ದಾಗಿ ಬರಬೇಕು, ಬರುವವರೆಗೆ ತಪ್ಪು ಮಾಡಿದವರು ಯೋಚನೆಯ ಮೂಲೆಯಲ್ಲಿ ಕೂರಬೇಕು. ಆ ನಿಯಮವನ್ನು ಸೂಚಿಸಿದ್ದೂ ಮೇಷ್ಟ್ರೇ. ಮೊದಲ ಹಾಳೆಯ ನಂಬರು ಒಂದು ಚೀಟಿಯ ಮೇಲೆ ಇಳಿದು ಆಫೀಸಿಗೆ ಹೋಯಿತು. ಇಂಥ ಚೀಟಿ ದಿನಕ್ಕೆ ಹತ್ತು ನೋಡುವ ಗುಮಾಸ್ತರು ತಲೆಯೆತ್ತದೆ ನಂಬರು ಒತ್ತಿದರು. ಇತ್ತ ಮೇಷ್ಟ್ರು ಗೇಣುದ್ದದ ಸ್ಟೂಲಿನ ಮೇಲೆ, ಮಂಡಿ ಗಲ್ಲಕ್ಕೆ ತಾಗುವಂತೆ ಗೋಡೆ ನೋಡುತ್ತ ಕೂತರು. ಬೇಡ ಎನ್ನಬಹುದಿತ್ತು. ಆದರೆ ತಾವೇ ಕಟ್ಟಿದ ಆಟವನ್ನು ತಾವೇ ಕೆಡಿಸುವಷ್ಟು ಮೊಂಡುತನ ಆ ಸಾಧು ಮನುಷ್ಯನಿಗಿರಲಿಲ್ಲ.

ಸಾಹೇಬರು ಬಂದದ್ದು ಆಗಲೇ. ಹಿಂದೆ ಹೆಡ್ ಮೇಡಂ.

"ಮೇಷ್ಟ್ರು ಎಲ್ಲಿ?" ಎಂದರು ಸಾಹೇಬರು.

"ಮೂಲೇಲಿದಾರೆ ಸಾರ್," ಎಂದಳು ಲೀಡರಮ್ಮ.

ಹೆಡ್ ಮೇಡಂ ಮುಖ ಬಿಳಿಚಿಕೊಂಡಿತು. ಲೀಡರಮ್ಮ ನಿಂತು, ಕೈಕಟ್ಟಿ, ಬೀರುವಿನಿಂದ ಹಿಡಿದು ಸಹಿಯವರೆಗೆ ಒಂದೂ ಬಿಡದೆ ಒಪ್ಪಿಸಿದಳು. ಸಾಹೇಬರಿಗೆ ಮೊದಲು ನಗು ಬಂತು, ಆಮೇಲೆ ಮುಖ ಗಂಟಾಯಿತು. "ಪುಸ್ತಕ ತಿದ್ದದೇ ಇರೋದು ಬೇರೆ ವಿಷಯ. ಶಾಲೆ ದಾಖಲೆಯಲ್ಲಿ ಸುಳ್ಳು ಸಹಿ ಹಾಕಿದಾರೆ ಅಂದ್ರೆ ಇವರು ಇಲ್ಲಿ ಒಂದು ದಿನವೂ ಇರೋ ಹಾಗಿಲ್ಲ."

ಮೇಷ್ಟ್ರು ಏಳಲು ಹೋದರು. ಸ್ಟೂಲು ಜೊತೆಗೇ ಎದ್ದಿತು. ಮತ್ತೆ ಕೂತರು.

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡರು. ಕೈಯಲ್ಲಿ ಪರ್ಸು, ಮುಖದ ತುಂಬ ಗಾಬರಿ. "ನಿಮ್ಮ ಮಗು ಸುಳ್ಳು ಸಹಿ ಹಾಕಿದೆ, ಕೂಡಲೇ ಬನ್ನಿ ಅಂತ ಫೋನ್ ಬಂತು. ಮಗೂಗೆ ನಲವತ್ತೆರಡು ವರ್ಷ ಅಂತ ಅವರಿಗೆ ಗೊತ್ತಿರಲಿಲ್ಲ ಅನ್ಸುತ್ತೆ, ಪಾಪ."

"ನೀವೇ ನೋಡಿ ಹೇಳಿ ತಾಯಿ," ಎಂದು ಸಾಹೇಬರು ಪುಸ್ತಕ ಮುಂದೆ ಹಿಡಿದರು. "ಈ ಸಹಿ ನಿಮ್ಮದೇನಾ?"

ಅಮ್ಮ ಕನ್ನಡಕ ಹಾಕಿಕೊಂಡರು. ಮೊದಲು ಸಹಿ ನೋಡಲಿಲ್ಲ. ಮೇಲೆ ಬರೆದದ್ದನ್ನು ಓದಿದರು. ಮೂರು ವಾರ ಎಂಬಲ್ಲಿ ಬೆರಳು ನಿಂತಿತು. ಕನ್ನಡಕದ ಮೇಲಿಂದ ಮೂಲೆಯ ಕಡೆ ಒಂದು ನೋಟ ಹೋಯಿತು. ಅಷ್ಟೂ ದಿನದ ಬಿಸಿ ಕಾಫಿ, ದಿಂಬು ಎಲ್ಲ ಆ ನೋಟದಲ್ಲಿತ್ತು. ಮೇಷ್ಟ್ರಿಗೆ ಕೆಲಸ ಹೋದರೂ ಪರವಾಗಿಲ್ಲ, ಆ ನೋಟವೊಂದು ತಪ್ಪಿದರೆ ಸಾಕು ಎನ್ನಿಸಿತು.

ಆಮೇಲೆ ಅಮ್ಮ ಸಹಿ ನೋಡಿದರು. ಎಂಥೆಂಥ ದೊಡ್ಡವರ ಚೆಕ್ಕುಗಳನ್ನು "ತಾಳೆಯಾಗುತ್ತಿಲ್ಲ" ಎಂದು ಮುಲಾಜಿಲ್ಲದೆ ವಾಪಸು ಕಳಿಸಿದ ಕಣ್ಣು ಅದು.

"ನಂದೇ," ಎಂದರು.

"ಖಂಡಿತಾನಾ?"

"ಪೆನ್ನು ಕೊಡಿ." ಕೆಳಗೆ ಇನ್ನೊಂದು ಸಹಿ ಹಾಕಿ ತೋರಿಸಿದರು. ಅದೇ ನಡುಕ, ಅದೇ ವಾಲಿಕೆ, ಕೊನೆಯಲ್ಲಿ ಡ್ರಿಲ್ ಮೇಷ್ಟ್ರು ಮೊಣಕೈ ತಳ್ಳಿದಾಗ ಮೂಡಿದ ಬಾಲವೂ ಸೇರಿ ಯಥಾವತ್ತು ಇಳಿದಿತ್ತು. ಮೂವತ್ತೊಂದು ವರ್ಷ ಕಳ್ಳ ಸಹಿ ಹಿಡಿದವರಿಗೆ ಒಂದನ್ನು ಹಾಕುವುದು ಕಷ್ಟವಾಗಲಿಲ್ಲ.

ಲೀಡರಮ್ಮ ಪುಸ್ತಕ ತಿರುಗಿಸಿ ಬೆರಳಾಡಿಸಿದಳು. ಏನೋ ಹೇಳಲು ಬಾಯಿ ತೆರೆದು, ಗೋಡೆಯ ಮೇಲಿನ ನಿಯಮಗಳ ಕಡೆ ನೋಡಿ, ಮುಚ್ಚಿಕೊಂಡು ಕೂತಳು.

ಸಾಹೇಬರ ಮುಖ ಅರಳಿತು. ಅವರು ಅಲ್ಲೇ ಮೇಜಿನ ಮೇಲೆ ವರದಿ ಬರೆದು, ಹೆಡ್ ಮೇಡಂ ಕೈಗಿತ್ತು, ಮೇಷ್ಟ್ರ ಬೆನ್ನು ತಟ್ಟಿ ಹೊರಟರು. ಹೆಡ್ ಮೇಡಂ ಗಟ್ಟಿಯಾಗಿ ಓದಲು ಶುರುಮಾಡಿದರು:

"ಮೂರನೇ ತರಗತಿಯ ಶಿಸ್ತು ಅತ್ಯುತ್ತಮ. ಇಂಥ ನ್ಯಾಯ, ಇಂಥ ನಿಷ್ಠೆಯನ್ನು ಬೇರೆಲ್ಲೂ ಕಂಡಿಲ್ಲ."

ಮೇಷ್ಟ್ರ ಕಣ್ಣು ತುಂಬಿತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಮೇಷ್ಟ್ರು ಮೂಲೆಯಲ್ಲಿದ್ದಾಗಲೂ ಮಕ್ಕಳು ತರಗತಿಯನ್ನು ತಾವೇ ಸಮರ್ಥವಾಗಿ ನಡೆಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ತರಗತಿಗೆ ಕಾಯಂ ಮೇಷ್ಟ್ರ ಅಗತ್ಯ ಕಾಣುವುದಿಲ್ಲ. ಈಗಿರುವ ಹಂಗಾಮಿ ವ್ಯವಸ್ಥೆಯೇ ಸಾಕು."

ಹೆಡ್ ಮೇಡಂ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಇನ್ನೇನೂ ಇರಲಿಲ್ಲ.

ಸಂಜೆ ಶಾಲೆ ಬಿಟ್ಟಾಗ ಮೂವತ್ತೆಂಟು ಪುಸ್ತಕಗಳ ಕಟ್ಟು ಹೊತ್ತ ಮೇಷ್ಟ್ರು, ಕಾಯುತ್ತ ಕೂತಿದ್ದ ಅಮ್ಮನ ಜೊತೆ ಗೇಟಿನ ಹತ್ತಿರ ಬಂದರು. ಅಲ್ಲಿ ಲೀಡರಮ್ಮ ನಿಂತಿದ್ದಳು. ನಡತೆ ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟಳು. ಹೊಸ ಹಾಳೆಯಲ್ಲಿ ಬರೆದಿತ್ತು: "ಹೆಸರು: ಸಾರ್ ಅವರ ಅಮ್ಮ. ತಪ್ಪು: ಸುಳ್ಳು ಹೇಳಿದರು."

"ಆವಾಗಲೇ ಯಾಕೆ ಹೇಳ್ಲಿಲ್ಲ ಪುಟ್ಟಿ?" ಎಂದು ಅಮ್ಮ ಮೆಲ್ಲಗೆ ಕೇಳಿದರು.

"ದೊಡ್ಡವರು ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದು. ನಾಲ್ಕನೇ ನಿಯಮ." ಲೀಡರಮ್ಮ ಜಡೆ ಹಿಂದಕ್ಕೆ ಹಾಕಿದಳು. "ನಾಳೆ ನಿಮ್ಮಮ್ಮನ ಸಹಿ ತರ್ಬೇಕು ಅಜ್ಜಿ."

"ನಮ್ಮಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಕಂದ."

ಲೀಡರಮ್ಮ ಬಿಡಲಿಲ್ಲ. "ಹಾಗಾದ್ರೆ ಮನೇಲಿ ಇನ್ಯಾರಿದಾರೋ ಅವರು ಹಾಕ್ಲಿ."

ಇಬ್ಬರೂ ಮೇಷ್ಟ್ರ ಕಡೆ ನೋಡಿದರು.

ಮನೆಗೆ ಬಂದ ಮೇಲೆ ಅಮ್ಮ ಕಾಫಿ ಕೊಡಲಿಲ್ಲ. ಊಟದ ಮೇಜಿನ ಮೇಲೆ ನಡತೆ ಪುಸ್ತಕ ಬಿಚ್ಚಿ, "ಮೂರು ವಾರ ಎಲ್ಲಿದ್ದೆ?" ಎಂದರು.

"ಸೈಕಲ್ ಅಂಗಡಿ ಹಿಂದೆ. ಕೇರಂ."

"ಹೇಳಿದ್ರೆ ನಾನೇನು ಬೇಡ ಅಂತಿದ್ನೇನೋ? ಕಣ್ಣು ಕೆಂಪಾಗಿದೆ ಅಂತ ನಿಂಗೆ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಬೇರೆ ತಗೊಂಡಿದ್ದೆ." ಬೈಯುತ್ತಲೇ ಮಗನ ತಪ್ಪಿನ ಕೆಳಗೆ ತಮ್ಮ ನಿಜವಾದ ಸಹಿ ಹಾಕಿದರು. ಪೆನ್ನಿನ ಒತ್ತಡಕ್ಕೆ ಮೇಜು ಕಿರುಗುಟ್ಟಿತು. ಆಮೇಲೆ ಹಾಳೆ ಮಗುಚಿ ಪುಸ್ತಕವನ್ನು ಮಗನ ಕಡೆ ತಳ್ಳಿದರು. "ಈಗ ನಂದಕ್ಕೆ ನೀನು ಹಾಕು. ಓದಿ ಹಾಕು."

ಮೇಷ್ಟ್ರು ಓದಿದರು. ಎರಡು ಸಲ ಓದಿದರು. ಆ ಒಂದು ಸುಳ್ಳು ಯಾರಿಗಾಗಿ ಎಂದು ಅಲ್ಲಿ ಬರೆದಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪು ಸಹಿಗೆ ಸರಿ ಎನ್ನದ ಕೈ, ಪಕ್ಕದಲ್ಲಿ ಪುಸ್ತಕದ ಕಟ್ಟಿನ ದಾರ ಬಿಚ್ಚುತ್ತಿತ್ತು. ಬೈಯಲು ಎಷ್ಟು ಪ್ರಯತ್ನಪಟ್ಟರೂ ಮೇಷ್ಟ್ರಿಗೆ ಒಂದು ಬೈಗುಳವೂ ನೆನಪಿಗೆ ಬರಲಿಲ್ಲ. ಸಹಿ ಹಾಕಿದರು.

ಹಾಕಿದವರೇ ಏನೋ ಹೊಳೆದು, ಹಾಳೆ ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿದರು. ಅಮ್ಮನೂ ಕೈ ಚಾಚಿ ಬೆರಳಾಡಿಸಿದರು.

ನುಣ್ಣಗಿತ್ತು.

"ನಾಳೆ ಆ ಹುಡುಗಿ ಇದನ್ನ ಒಪ್ಪೋದಿಲ್ಲ ಕಣೋ," ಎಂದರು ಅಮ್ಮ. "ಆ ಮೂಲೇಲಿ ಇನ್ನೊಂದು ಸ್ಟೂಲಿಗೆ ಜಾಗ ಇದೆಯಾ?"